ಹುಳುವಿಗೂ ಹುಲ್ಲೆಗೂ ಎಲ್ಲಿಯ ನಂಟು?

ದಾವಣಗೆರೆ ಜಿಲ್ಲೆಗೆ ಮೆಕ್ಕೆಜೋಳದ ಕಣಜವೆಂಬ ಹೆಸರಿದೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಯಾವ ತಾಲ್ಲೂಕಿಗೆ ಹೋದರೂ ಮುಂಗಾರಿನ ದಿನಗಳಲ್ಲಿ ಮಳೆಯನ್ನೇ ನಂಬಿದ ಹೊಲಗಳಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಮೆಕ್ಕೆಜೋಳ. ಆ ಬೆಳೆಯ ಸುಳಿಯೊಳಗೆ ಕುಳಿತು ಮೇಯುವ ಹುಳುವೊಂದಿದೆ. ರೈತರು ಅದನ್ನು ಲದ್ದಿಹುಳು ಎನ್ನುತ್ತಾರೆ. ಕೃಷಿ ಇಲಾಖೆಯ ಕರಪತ್ರಗಳಲ್ಲಿ ಅದರ ಹೆಸರು ಫಾಲ್ ಸೈನಿಕ ಹುಳು. ಮೆಕ್ಕೆಜೋಳ ಬೆಳೆಯುವವರಲ್ಲಿ ಇದನ್ನು ನೋಡದವರು ಇಲ್ಲವೆಂದೇ ಹೇಳಬಹುದು.

ಇದೇ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ಒಂದು ಹುಲ್ಲೆ ಇದೆ. ನಾಚಿಕೆಯ ಸ್ವಭಾವ, ಗಂಡಿನ ತಲೆಯ ಮೇಲೆ ನಾಲ್ಕು ಕೊಂಬು. ಕನ್ನಡದಲ್ಲಿ ಇದರ ಹೆಸರು ಕೊಂಡುಕುರಿ. ಇದನ್ನು ಕಣ್ಣಾರೆ ಕಂಡವರು ಜಗಳೂರಿನಲ್ಲೂ ಕಡಿಮೆ.

ಮೊದಲನೆಯದನ್ನು ಕೊಲ್ಲಲು ಅಂಗಡಿಯಲ್ಲಿ ಔಷಧಿ ಸಿಗುತ್ತದೆ, ಇಲಾಖೆಯವರು ಊರೂರಿಗೆ ಬಂದು ಉಪಾಯ ಹೇಳಿಕೊಡುತ್ತಾರೆ. ಎರಡನೆಯದನ್ನು ಕೊಂದರೆ ಕನಿಷ್ಠ ಮೂರು ವರ್ಷ ಜೈಲು. ಎರಡೂ ಜೀವಿಗಳೇ ಅಲ್ಲವೆ? ಒಂದಕ್ಕೆ ವಿಷ, ಇನ್ನೊಂದಕ್ಕೆ ರಕ್ಷಣೆ ಎಂಬ ಈ ಭೇದವೇಕೆ? ಬುದ್ಧಿವಂತ ಮಕ್ಕಳು ಇಂಥ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ‘ಒಂದು ಕೆಟ್ಟದ್ದು, ಇನ್ನೊಂದು ಒಳ್ಳೆಯದು’ ಎಂದು ಹೇಳಿ ಅವರ ಬಾಯಿ ಮುಚ್ಚಿಸುವುದು ಸುಲಭ. ಆದರೆ ಅದು ವಿಜ್ಞಾನದ ಉತ್ತರವಲ್ಲ. ಉತ್ತರ ಬೇಕಾದರೆ ಈ ಎರಡು ಜೀವಿಗಳನ್ನು ಅಕ್ಕಪಕ್ಕ ಇಟ್ಟು ಮೂರು ವಿಷಯಗಳಲ್ಲಿ ಹೋಲಿಸಬೇಕು: ವರ್ಗೀಕರಣ, ನೆಲೆ ಮತ್ತು ಸಂರಕ್ಷಣೆಯ ಸ್ಥಿತಿ.

ಹೆಸರು ತರುವ ತೊಡಕು

ಹೋಲಿಕೆಗೆ ಮೊದಲು ಹೆಸರಿನ ಗೊಂದಲ ಬಗೆಹರಿಯಬೇಕು. ಕೊಂಡುಕುರಿ ಎಂಬ ಹೆಸರಿನಲ್ಲಿ ಕುರಿ ಇದೆ, ಆದರೆ ಅದು ಕುರಿಯಲ್ಲ. ಕಾಡುಕುರಿ ಎಂಬ ಇನ್ನೊಂದು ಪ್ರಾಣಿಯೂ ಇದೆ. ಅದೂ ಕುರಿಯಲ್ಲ, ನಾಯಿಯಂತೆ ಬೊಗಳುವ ಒಂದು ಜಾತಿಯ ಜಿಂಕೆ. ಕಾಡುಕುರಿಯ ಕೊಂಬು ಜಿಂಕೆಗಳ ಕೊಂಬಿನಂತೆ ಉದುರಿ ಮತ್ತೆ ಹುಟ್ಟುತ್ತದೆ. ಕೊಂಡುಕುರಿಯ ಕೊಂಬು ಹಸು, ಆಡುಗಳ ಕೊಂಬಿನಂತೆ ಎಲುಬಿನ ತಿರುಳಿನ ಮೇಲೆ ಗಟ್ಟಿ ಒರೆ ಹೊದ್ದ ಕೊಂಬು, ಜೀವಮಾನವಿಡೀ ಉದುರುವುದಿಲ್ಲ. ಜಿಂಕೆ ಮತ್ತು ಹುಲ್ಲೆಗಳಿಗೆ ಇರುವ ಮುಖ್ಯ ವ್ಯತ್ಯಾಸವೇ ಇದು. ಆಡುಮಾತಿನಲ್ಲಿ ಎಲ್ಲವನ್ನೂ ಜಿಂಕೆ ಎಂದುಬಿಡುವುದರಿಂದ ಈ ವ್ಯತ್ಯಾಸ ಮರೆತುಹೋಗುತ್ತದೆ.

ಹುಳುವಿನ ಹೆಸರೂ ಹೀಗೆಯೇ. ಸೈನಿಕ ಹುಳು, ಲದ್ದಿಹುಳು ಎಂಬ ಹೆಸರುಗಳು ಈ ಭಾಗದ ರೈತರಿಗೆ ಹೊಸವಲ್ಲ. ದಂಡಿನಂತೆ ಬಂದು ಎಲೆ ತಿನ್ನುವ ಬೇರೊಂದು ಹುಳು ಮೊದಲಿನಿಂದಲೂ ಇತ್ತು. ಅದರ ವೈಜ್ಞಾನಿಕ ಹೆಸರು ಮಿತಿಮ್ನ ಸೆಪರೇಟ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಕಂಡ ಹುಳು ಮೇಲ್ನೋಟಕ್ಕೆ ಇದೇ ಎನ್ನಿಸುವಂತಿತ್ತು. ಆದರೆ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ತಜ್ಞರು ಅದನ್ನು ಅಷ್ಟಕ್ಕೇ ಬಿಡಲಿಲ್ಲ. ಅಂಗರಚನೆಯನ್ನು ಸೂಕ್ಷ್ಮವಾಗಿ ಪರೀಕ್ಷಿಸಿ, ಡಿಎನ್‌ಎ ಪರೀಕ್ಷೆಯನ್ನೂ ಮಾಡಿ, ಇದು ಅಮೆರಿಕ ಖಂಡದ ಸ್ಪೊಡಾಪ್ಟೆರಾ ಫ್ರುಗಿಪರ್ಡಾ ಎಂದು ಗುರುತಿಸಿದರು. ಭಾರತದಲ್ಲಿ ಈ ಹುಳು ಕಂಡ ಮೊದಲ ವರದಿ ಅದು.

‘ಹೆಸರು ಯಾವುದಾದರೇನು, ಹುಳು ಹುಳುವೇ’ ಎನ್ನುವಂತಿಲ್ಲ. ಹಳೆಯ ಹುಳುವಿಗೆ ಹೇಳಿದ ಮದ್ದು, ಹೇಳಿದ ಕಾಲ ಹೊಸ ಹುಳುವಿಗೆ ಹೊಂದಬೇಕೆಂದಿಲ್ಲ. ವರ್ಗೀಕರಣವೆಂದರೆ ಪರೀಕ್ಷೆಗೆ ಬಾಯಿಪಾಠ ಮಾಡುವ ಲ್ಯಾಟಿನ್ ಹೆಸರುಗಳ ಪಟ್ಟಿ ಎಂದು ತಿಳಿದವರು ಈ ಒಂದು ಉದಾಹರಣೆಯನ್ನು ನೆನಪಿಟ್ಟರೆ ಸಾಕು. ಶತ್ರು ಯಾರೆಂದು ತಿಳಿಯದೆ ಯುದ್ಧಕ್ಕೆ ಹೋಗಲಾಗದು.

ಏಳು ಮೆಟ್ಟಿಲು

ಸ್ವೀಡನ್ ದೇಶದ ಲಿನೇಯಸ್ 1758ರಲ್ಲಿ ಪ್ರಾಣಿಗಳಿಗೆ ಎರಡು ಪದಗಳ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದ. ಇಂದು ಜೀವಿಗಳನ್ನು ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂಬ ಏಳು ಮೆಟ್ಟಿಲುಗಳಲ್ಲಿ ಇಟ್ಟು ನೋಡುವುದು ರೂಢಿ. ಹುಳು ಮತ್ತು ಹುಲ್ಲೆ ಈ ಮೆಟ್ಟಿಲುಗಳಲ್ಲಿ ಎಲ್ಲಿಯವರೆಗೆ ಜೊತೆಯಾಗಿ ಇಳಿಯುತ್ತವೆ?

ಮೊದಲ ಮೆಟ್ಟಿಲಿನಲ್ಲಿ ಎರಡೂ ಒಟ್ಟಿಗಿವೆ. ಎರಡೂ ಪ್ರಾಣಿ ಸಾಮ್ರಾಜ್ಯಕ್ಕೆ ಸೇರಿದವು. ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳಲಾರವು. ಎರಡೂ ಹಸಿರು ಗಿಡವನ್ನೇ ನಂಬಿ ಬದುಕುತ್ತವೆ. ಎರಡನೆಯ ಮೆಟ್ಟಿಲಿನಲ್ಲೇ ದಾರಿ ಬೇರೆಯಾಗುತ್ತದೆ. ಹುಳು ಸಂಧಿಪದಿಗಳ ವಂಶದ್ದು. ಜೇಡ, ಚೇಳು, ಏಡಿಗಳೂ ಇದೇ ವಂಶದವು. ಹುಲ್ಲೆ ಬೆನ್ನೆಲುಬುಳ್ಳ ಪ್ರಾಣಿಗಳಿರುವ ಕಾರ್ಡೇಟ ವಂಶದ್ದು. ಮೀನು, ಕಪ್ಪೆ, ಹಾವು, ಹಕ್ಕಿ, ಮನುಷ್ಯ ಎಲ್ಲರೂ ಇಲ್ಲಿಯವರೇ.

ಮೂರನೆಯದು ವರ್ಗ. ಒಂದು ಕೀಟ ವರ್ಗ, ಇನ್ನೊಂದು ಸಸ್ತನಿ ವರ್ಗ. ನಾಲ್ಕನೆಯದು ಗಣ. ಸೈನಿಕ ಹುಳು ಲೆಪಿಡಾಪ್ಟೆರಾ ಗಣದ್ದು. ಲೆಪಿಡಾಪ್ಟೆರಾ ಎಂದರೆ ಹುರುಪೆಯ ರೆಕ್ಕೆಯುಳ್ಳವು ಎಂದರ್ಥ. ಪತಂಗವನ್ನು ಹಿಡಿದಾಗ ಬೆರಳಿಗೆ ಅಂಟುವ ಪುಡಿಯೇ ಈ ಹುರುಪೆ. ಚಿಟ್ಟೆಗಳು ಮತ್ತು ರೇಷ್ಮೆ ಹುಳುವೂ ಇದೇ ಗಣದವು. ಒಂದೇ ಗಣದ ಒಂದು ಹುಳು ರೈತನಿಗೆ ಕಾಸು ತಂದುಕೊಡುತ್ತದೆ, ಇನ್ನೊಂದು ಕಾಸು ಕಳೆಯುತ್ತದೆ. ಕೊಂಡುಕುರಿ ಸಮಸಂಖ್ಯೆಯ ಗೊರಸುಳ್ಳ ಆರ್ಟಿಯೋಡ್ಯಾಕ್ಟೈಲಾ ಗಣದ್ದು.

ಕುಟುಂಬದ ಮೆಟ್ಟಿಲಿನಲ್ಲಿ ಹುಳು ನಾಕ್ಟುಯಿಡೆ ಎಂಬ ರಾತ್ರಿ ಪತಂಗಗಳ ಕುಟುಂಬಕ್ಕೆ ಸೇರುತ್ತದೆ. ಕೊಂಡುಕುರಿಯದು ಬೋವಿಡೆ ಕುಟುಂಬ. ಕೊಟ್ಟಿಗೆಯ ಹಸು, ಎಮ್ಮೆ, ಆಡು, ಕುರಿಗಳೆಲ್ಲ ಇದೇ ಕುಟುಂಬದವು. ಹಾಗಾಗಿ ಹೆಸರಿನಲ್ಲಿರುವ ಕುರಿ ದೂರದ ನೆಂಟನೇ ಹೊರತು ಒಡಹುಟ್ಟಲ್ಲ. ಕೊಂಡುಕುರಿಗೆ ಹತ್ತಿರದ ನೆಂಟನೆಂದರೆ ನೀಲಗಾಯಿ.

ಕೊನೆಯ ಎರಡು ಮೆಟ್ಟಿಲುಗಳಲ್ಲಿ ಒಂದು ಸ್ವಾರಸ್ಯವಿದೆ. ಸ್ಪೊಡಾಪ್ಟೆರಾ ಎಂಬ ಜಾತಿಯಲ್ಲಿ ಹಲವಾರು ಪ್ರಭೇದಗಳಿವೆ. ತಂಬಾಕು, ನೆಲಗಡಲೆ, ಸೋಯಾಬೀನ್ ಎಲೆಗಳನ್ನು ತಿನ್ನುವ ಹುಳುವೂ ಇದೇ ಜಾತಿಯ ಇನ್ನೊಂದು ಪ್ರಭೇದ. ಆದರೆ ಟೆಟ್ರಾಸೆರಸ್ ಎಂಬ ಜಾತಿಯಲ್ಲಿ ಇಂದು ಬದುಕಿರುವುದು ಒಂದೇ ಪ್ರಭೇದ, ಅದು ಟೆಟ್ರಾಸೆರಸ್ ಕ್ವಾಡ್ರಿಕಾರ್ನಿಸ್. ಗ್ರೀಕ್‌ನಲ್ಲಿ ಒಮ್ಮೆ, ಲ್ಯಾಟಿನ್‌ನಲ್ಲಿ ಒಮ್ಮೆ ‘ನಾಲ್ಕು ಕೊಂಬಿನದು’ ಎಂದು ಎರಡು ಸಲ ಹೇಳಿದಂತಾಯಿತು! ಈ ಪ್ರಭೇದ ಅಳಿದರೆ ಅದರೊಂದಿಗೆ ಆ ಜಾತಿಯೇ ಅಳಿಯುತ್ತದೆ; ಅದರ ಸ್ಥಾನ ತುಂಬಲು ಅಣ್ಣತಮ್ಮಂದಿರು ಯಾರೂ ಇಲ್ಲ. ವರ್ಗೀಕರಣದ ಪಟ್ಟಿಯನ್ನು ಗಮನವಿಟ್ಟು ಓದಿದರೆ ಸಂರಕ್ಷಣೆಯ ಪಾಠ ಅಲ್ಲೇ ಶುರುವಾಗುತ್ತದೆ.

ಒಳಗಿನ ಎಲುಬು, ಹೊರಗಿನ ಕವಚ

ಹುಲ್ಲೆಯ ಅಸ್ಥಿಪಂಜರ ಮೈಯೊಳಗಿದೆ. ಮರಿ ಬೆಳೆದಂತೆ ಎಲುಬೂ ಬೆಳೆಯುತ್ತದೆ. ಹುಳುವಿಗೆ ಎಲುಬಿಲ್ಲ, ಮೈಮೇಲಿನ ಕವಚವೇ ಆಸರೆ. ಕವಚ ಬೆಳೆಯದ ಕಾರಣ ಹುಳು ಆಗಾಗ್ಗೆ ಪೊರೆ ಕಳಚಬೇಕು. ಸೈನಿಕ ಹುಳು ಹೀಗೆ ಆರು ಹಂತಗಳಲ್ಲಿ ಬೆಳೆಯುತ್ತದೆ. ಬಲಿತ ಹುಳುವಿನ ತಲೆಯ ಮುಂಭಾಗದಲ್ಲಿ ಇಂಗ್ಲಿಷಿನ ‘ವೈ’ ಅಕ್ಷರವನ್ನು ತಲೆಕೆಳಗು ಮಾಡಿದಂಥ ಬಿಳಿ ಗೆರೆ ಇರುತ್ತದೆ. ಬಾಲದ ಕಡೆ, ಕೊನೆಯಿಂದ ಎರಡನೆಯ ಖಂಡದ ಮೇಲೆ ನಾಲ್ಕು ಕಪ್ಪು ಚುಕ್ಕೆಗಳು ಚೌಕಾಕಾರದಲ್ಲಿರುತ್ತವೆ. ಈ ಎರಡು ಗುರುತುಗಳಿದ್ದರೆ ಇದು ಅದೇ ಹುಳು ಎಂದು ತಿಳಿಯಬಹುದು.

ಹುಳು ಎಂಬುದು ಈ ಜೀವಿಯ ಬಾಲ್ಯ ಮಾತ್ರ. ಮೊಟ್ಟೆ, ಹುಳು, ಕೋಶ, ಪತಂಗ ಎಂಬ ನಾಲ್ಕು ಅವಸ್ಥೆಗಳ ಸಂಪೂರ್ಣ ರೂಪಾಂತರ ಇದರದು. ಎರಡು ಮೂರು ದಿನಗಳಲ್ಲಿ ಮೊಟ್ಟೆ ಒಡೆಯುತ್ತದೆ. ಎರಡು ಮೂರು ವಾರ ಎಲೆ, ಸುಳಿ ತಿಂದು ಕೊಬ್ಬಿದ ಹುಳು ಗಿಡದಿಂದಿಳಿದು ಮಣ್ಣಿನೊಳಗೆ ಕೋಶವಾಗುತ್ತದೆ. ಅಲ್ಲಿಂದ ಬೂದು ಬಣ್ಣದ ಪತಂಗ ಹೊರಬಂದು ರಾತ್ರಿಯಲ್ಲಿ ಹಾರುತ್ತದೆ. ಬೆಚ್ಚನೆಯ ಹವೆಯಲ್ಲಿ ಇಡೀ ಚಕ್ರ ಮುಗಿಯಲು ಸುಮಾರು ಒಂದು ತಿಂಗಳು ಸಾಕು.

ಕೊಂಡುಕುರಿಯ ಭುಜದ ಎತ್ತರ ಸುಮಾರು 55ರಿಂದ 64 ಸೆಂಟಿಮೀಟರ್, ತೂಕ ಸುಮಾರು 20 ಕಿಲೋ. ಹಸುವಿನಂತೆ ನಾಲ್ಕು ಕೋಣೆಗಳ ಹೊಟ್ಟೆಯಿದ್ದು ಮೆಲುಕು ಹಾಕುತ್ತದೆ. ಕೊಂಬಿರುವುದು ಗಂಡಿಗೆ ಮಾತ್ರ. ಹಿಂದಿನ ಜೋಡಿ ಉದ್ದ, ಹಣೆಯ ಮೇಲಿನ ಮುಂದಿನ ಜೋಡಿ ಗಿಡ್ಡ. ದಕ್ಷಿಣ ಭಾರತದ ಕೊಂಡುಕುರಿಗಳಲ್ಲಿ ಮುಂದಿನ ಕೊಂಬು ಎಷ್ಟೋ ವೇಳೆ ಬರೀ ಗುಬುಟಿನಂತಿರುತ್ತದೆ. ಇದನ್ನು ಗಮನಿಸಿ ದಕ್ಷಿಣದ ಬಗೆಗೆ ಬೇರೆ ಹೆಸರು ಕೊಟ್ಟವರು ವಾಲ್ಟರ್ ಎಲಿಯಟ್ ಎಂಬ ಬ್ರಿಟಿಷ್ ಅಧಿಕಾರಿ. ಧಾರವಾಡ ಸೀಮೆಯನ್ನೂ ಒಳಗೊಂಡಿದ್ದ ಅಂದಿನ ದಕ್ಷಿಣ ಮರಾಠಾ ಪ್ರದೇಶದ ಸಸ್ತನಿಗಳ ಪಟ್ಟಿಯನ್ನು ಅವರು 1839ರಲ್ಲಿ ಪ್ರಕಟಿಸಿದ್ದರು. ಕನ್ನಡ ಶಾಸನಗಳನ್ನು ಸಂಗ್ರಹಿಸಿದ ಎಲಿಯಟ್ ಎಂದು ಇತಿಹಾಸದ ವಿದ್ಯಾರ್ಥಿಗಳು ಬಲ್ಲ ವ್ಯಕ್ತಿಯೂ ಇವರೇ.

ನೆಲೆ ಎಂದರೆ ಬರೀ ಜಾಗವಲ್ಲ

ಒಂದು ಜೀವಿಗೆ ಆಹಾರ, ನೀರು, ಆಶ್ರಯ, ಮರಿ ಮಾಡಲು ನಿರ್ಭಯವಾದ ಎಡೆ ಈ ನಾಲ್ಕೂ ಒಟ್ಟಿಗೆ ದೊರೆಯುವ ತಾಣವೇ ಅದರ ನೆಲೆ. ಈ ವಿಷಯದಲ್ಲಿ ಹುಳುವಿನಷ್ಟು ಹೊಂದಿಕೊಳ್ಳುವ ಜೀವಿ ಅಪರೂಪ. ಮೆಕ್ಕೆಜೋಳ ಅದಕ್ಕೆ ಬಲು ಇಷ್ಟ. ಅದು ಸಿಗದಿದ್ದರೆ ಜೋಳ, ಕಬ್ಬು, ಹುಲ್ಲು, ತರಕಾರಿ ಯಾವುದಾದರೂ ಆದೀತು. 350ಕ್ಕೂ ಹೆಚ್ಚು ಬಗೆಯ ಸಸ್ಯಗಳ ಮೇಲೆ ಇದನ್ನು ಗುರುತಿಸಲಾಗಿದೆ. ಗಾಳಿಯ ನೆರವು ಸಿಕ್ಕರೆ ಪತಂಗ ಒಂದೇ ರಾತ್ರಿಯಲ್ಲಿ 100 ಕಿಲೋಮೀಟರ್‌ವರೆಗೂ ಹಾರಬಲ್ಲದು. ಶಿವಮೊಗ್ಗದಿಂದ ಹೊನ್ನಾಳಿಗೆ ಇರುವ ಸುಮಾರು 40 ಕಿಲೋಮೀಟರ್ ಇದಕ್ಕೆ ಯಾವ ಲೆಕ್ಕ?

ಅಮೆರಿಕದ ಉಷ್ಣವಲಯದಲ್ಲಿದ್ದ ಈ ಕೀಟ 2016ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಕಂಡಿತು. 2018ರಲ್ಲಿ ಶಿವಮೊಗ್ಗಕ್ಕೆ ಬಂದು ಅದೇ ಮುಂಗಾರಿನಲ್ಲಿ ದಾವಣಗೆರೆ, ಚಿತ್ರದುರ್ಗಗಳಿಗೂ ಹಬ್ಬಿತು. 2019ರಲ್ಲಿ ಚೀನಾ, 2020ರಲ್ಲಿ ಆಸ್ಟ್ರೇಲಿಯ ತಲುಪಿತು. ಇದಕ್ಕೆ ದಾವಣಗೆರೆ ಸೀಮೆಯ ಹವೆ ಹೇಳಿ ಮಾಡಿಸಿದಂತಿದೆ. ಕೊರೆಯುವ ಚಳಿಯಿಲ್ಲದ ಕಾರಣ ವರ್ಷವಿಡೀ ಸಂತಾನ ಬೆಳೆಸಬಹುದು. ಮುಂಗಾರಿನಲ್ಲಿ ಖುಷ್ಕಿ ಮೆಕ್ಕೆಜೋಳ, ಬೇಸಿಗೆಯಲ್ಲಿ ಕೊಳವೆಬಾವಿಯ ಇಲ್ಲವೇ ನಾಲೆ ನೀರಿನ ಮೆಕ್ಕೆಜೋಳ ಇದ್ದರೆ ಅದರ ಊಟ ತಪ್ಪುವುದೇ ಇಲ್ಲ. ಸಾವಿರಾರು ಎಕರೆಯಲ್ಲಿ ಒಂದೇ ಬೆಳೆ ಬಿತ್ತಿದಾಗ ಮನುಷ್ಯನೇ ಅದಕ್ಕೆ ನೆಲೆ ಕಟ್ಟಿಕೊಟ್ಟಂತಾಯಿತು.

ಕೊಂಡುಕುರಿಯದು ಇದಕ್ಕೆ ತದ್ವಿರುದ್ಧ. ಜಗತ್ತಿನಲ್ಲಿ ಭಾರತ ಮತ್ತು ನೇಪಾಳ ಬಿಟ್ಟರೆ ಬೇರೆಲ್ಲೂ ಇದು ಕಾಡಿನಲ್ಲಿಲ್ಲ. ದಟ್ಟವಾದ ಮಳೆಕಾಡೂ ಇದಕ್ಕೆ ಒಗ್ಗದು, ಬಟಾಬಯಲೂ ಆಗದು. ಏರುತಗ್ಗಿನ ನೆಲದಲ್ಲಿ ಎಲೆ ಉದುರಿಸುವ ಮರಗಳು, ನಡುನಡುವೆ ಅಡಗಿ ಕೂರಲು ಎತ್ತರದ ಹುಲ್ಲು, ಪೊದೆ, ಹತ್ತಿರದಲ್ಲೇ ಕುಡಿಯಲು ನೀರು, ಇವಿಷ್ಟೂ ಬೇಕು. ಚುಕ್ಕೆ ಜಿಂಕೆಯಂತೆ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿ ಅಥವಾ ಎರಡು ಮೂರರ ಗುಂಪಿನಲ್ಲಿರುತ್ತದೆ. ಅಪಾಯ ಕಂಡರೆ ಮೊದಲು ಅಲುಗಾಡದೆ ನಿಂತು, ಆಮೇಲೆ ಒಮ್ಮೆಗೇ ಪೊದೆಯೊಳಗೆ ನುಗ್ಗಿ ಮರೆಯಾಗುತ್ತದೆ. ಗೊತ್ತಾದ ಜಾಗಕ್ಕೇ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವ ಅಭ್ಯಾಸ ಇದಕ್ಕಿದೆ. ಕಾಡಿನಲ್ಲಿ ಇದರ ಇರವನ್ನು ಗುರುತಿಸಲು ಅರಣ್ಯ ಸಿಬ್ಬಂದಿಗೆ ಈ ಹಿಕ್ಕೆಯ ರಾಶಿಗಳು ನೆರವಾಗುತ್ತವೆ.

ಬರಗಾಲಕ್ಕೆ ಹೆಸರಾದ ಜಗಳೂರು ತಾಲ್ಲೂಕಿನಲ್ಲಿ ಇಂಥ ಕಾಡೊಂದು ಉಳಿದಿರುವುದು ಅನೇಕರಿಗೆ ಗೊತ್ತಿಲ್ಲ. ಬೇಸಿಗೆಯಲ್ಲಿ ಒಣಗಿ ನಿಂತ ಕುರುಚಲನ್ನು ಕಂಡು ‘ಇದೆಂಥ ಕಾಡು’ ಎನ್ನುವವರೇ ಹೆಚ್ಚು. ಕಾಡೆಂದರೆ ಆಗುಂಬೆಯಂತೆ ಸದಾ ಹಸಿರಾಗಿರಬೇಕೆಂಬ ಭಾವನೆ ತಪ್ಪು. ಒಣ ಕಾಡಿಗೂ ಅದರದೇ ಆದ ಒಕ್ಕಲು ಇದೆ. ಕೊಂಡುಕುರಿಯಲ್ಲದೆ ಕರಡಿ, ಚಿರತೆಗಳೂ ಈ ಕಾಡಿನಲ್ಲಿವೆ. 2011ರಲ್ಲಿ ಸರ್ಕಾರ ಇಲ್ಲಿನ ಸುಮಾರು 77 ಚದರ ಕಿಲೋಮೀಟರ್ ಪ್ರದೇಶವನ್ನು ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮ ಎಂದು ಘೋಷಿಸಿತು. ನೆರೆಯ ರಾಣೆಬೆನ್ನೂರಿನಲ್ಲಿ 1974ರಿಂದ ಕೃಷ್ಣಮೃಗಕ್ಕಾಗಿ ಒಂದು ಧಾಮವಿದೆ. ಕೊಂಡುಕುರಿಯ ಹೆಸರಿನಲ್ಲಿಯೇ ಧಾಮವಿರುವುದು ಜಗಳೂರಿಗೆ ಸಂದ ಗೌರವ.

ಒಂದು ಸಣ್ಣ ಲೆಕ್ಕ

ಈಗ ವಿದ್ಯಾರ್ಥಿಗಳು ಪೆನ್ನು, ಕಾಗದ ತೆಗೆದುಕೊಳ್ಳಲಿ. ಒಂದು ಹೆಣ್ಣು ಪತಂಗ ತನ್ನ ಅಲ್ಪಾಯುಷ್ಯದಲ್ಲಿ ಸುಮಾರು 1,500 ಮೊಟ್ಟೆ ಇಡುತ್ತದೆ ಎಂದಿಟ್ಟುಕೊಳ್ಳೋಣ. ಎಲ್ಲವೂ ಬದುಕಿದರೆ, ಅರ್ಧ ಹೆಣ್ಣಾದರೆ, ಒಂದು ತಿಂಗಳಲ್ಲಿ 750 ತಾಯಂದಿರು. ಅವು ಒಂದೊಂದೂ 1,500 ಮೊಟ್ಟೆಯಿಟ್ಟರೆ ಎರಡನೆಯ ತಿಂಗಳಿಗೆ 11,25,000 ಹುಳುಗಳು! ಇದೇ ಎರಡು ತಿಂಗಳಲ್ಲಿ ಗರ್ಭ ಧರಿಸಿದ ಒಂದು ಕೊಂಡುಕುರಿ ಏನು ಮಾಡಿರುತ್ತದೆ? ಅದರ ಗರ್ಭದ ಅವಧಿ ಸುಮಾರು ಎಂಟು ತಿಂಗಳು. ಹಾಗಾಗಿ ನಾಲ್ಕನೆಯ ಒಂದು ಭಾಗವಷ್ಟೇ ಕಳೆದಿರುತ್ತದೆ. ಆಮೇಲೂ ಹುಟ್ಟುವುದು ಒಂದು ಇಲ್ಲವೇ ಎರಡು ಮರಿ.

ಹಾಗಾದರೆ ಇಡೀ ಭೂಮಿಯನ್ನು ಹುಳುವೇ ಏಕೆ ತುಂಬಿಕೊಂಡಿಲ್ಲ? 1,500ರಲ್ಲಿ ಬಹುಪಾಲು ಬದುಕುವುದಿಲ್ಲ ಎಂಬುದೇ ಉತ್ತರ. ಜೋರು ಮಳೆಗೆ ಎಳೆ ಹುಳುಗಳು ಕೊಚ್ಚಿಹೋಗುತ್ತವೆ. ಇರುವೆ, ಜೇಡ, ಹಕ್ಕಿಗಳು ತಿನ್ನುತ್ತವೆ. ಒಂದೇ ಸುಳಿಯಲ್ಲಿ ಸೇರಿದರೆ ದೊಡ್ಡ ಹುಳು ಚಿಕ್ಕದನ್ನು ತಿನ್ನುತ್ತದೆ. ಟ್ರೈಕೋಗ್ರಾಮ, ಟೆಲಿನೋಮಸ್ ಎಂಬ, ಬರಿಗಣ್ಣಿಗೆ ಚುಕ್ಕೆಯಂತೆ ಕಾಣುವ ಪುಟ್ಟ ಕಣಜಗಳು ಅದರ ಮೊಟ್ಟೆಯೊಳಗೆ ತಮ್ಮ ಮೊಟ್ಟೆಯಿಡುತ್ತವೆ. ಮಳೆಗಾಲದ ತೇವದಲ್ಲಿ ಮೆಟರೈಜಿಯಂ ರೈಲೆಯಿ ಎಂಬ ಶಿಲೀಂಧ್ರ ತಗುಲಿ ಹುಳು ಸತ್ತು ಬಿರುಸಾಗುತ್ತದೆ. ಮೈಮೇಲೆ ಮೊದಲು ಬಿಳಿ, ಆಮೇಲೆ ಹಸಿರು ಬೂಷ್ಟು ಕಾಣುತ್ತದೆ. ಗಂಡುಹೆಣ್ಣಿನ ಒಂದು ಜೋಡಿಯ 1,500 ಮೊಟ್ಟೆಗಳಲ್ಲಿ ಕೇವಲ ಎರಡು ಬದುಕಿ ಮುಂದಿನ ಸಂತಾನ ಬೆಳೆಸಿದರೂ ಹುಳುವಿನ ಸಂಖ್ಯೆ ಇದ್ದಷ್ಟೇ ಇರುತ್ತದೆ. ಅಂದರೆ ಹೊಲದಲ್ಲಿ ಸಂಬಳವಿಲ್ಲದೆ ದುಡಿಯುವ ಕಾವಲುಗಾರರ ದೊಡ್ಡ ಪಡೆಯೇ ಇದೆ.

ಕೆಂಪು ಪಟ್ಟಿಯಲ್ಲಿ ಯಾರಿದ್ದಾರೆ?

ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಎಂದು ಅಳೆಯುವ ಕೆಲಸವನ್ನು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಮಾಡುತ್ತದೆ. 1948ರಲ್ಲಿ ಹುಟ್ಟಿದ ಈ ಸಂಸ್ಥೆ 1964ರಿಂದ ಕೆಂಪು ಪಟ್ಟಿಯನ್ನು ಸಿದ್ಧಪಡಿಸುತ್ತಿದೆ. ಅದರಲ್ಲಿ ಒಂಬತ್ತು ದರ್ಜೆಗಳಿವೆ. ಇನ್ನೂ ಪರಿಶೀಲಿಸದವು, ಮಾಹಿತಿ ಸಾಲದವು, ಸದ್ಯಕ್ಕೆ ಆತಂಕವಿಲ್ಲದವು, ಅಪಾಯದ ಸಮೀಪದವು, ಅಪಾಯಕ್ಕೆ ಈಡಾದವು, ಅಳಿವಿನ ಅಂಚಿನವು, ತೀವ್ರವಾಗಿ ಅಳಿವಿನ ಅಂಚಿನವು, ಕಾಡಿನಲ್ಲಿ ಅಳಿದು ಸಾಕಣೆಯಲ್ಲಿ ಮಾತ್ರ ಉಳಿದವು ಮತ್ತು ಪೂರ್ತಿ ಅಳಿದವು.

ಕೊಂಡುಕುರಿ ಇರುವುದು ಐದನೆಯ ದರ್ಜೆಯಲ್ಲಿ, ಅಂದರೆ ಅಪಾಯಕ್ಕೆ ಈಡಾದ ಪ್ರಾಣಿಗಳ ಸಾಲಿನಲ್ಲಿ. ಬೆಳೆದ ಕೊಂಡುಕುರಿಗಳ ಒಟ್ಟು ಸಂಖ್ಯೆ 10,000ಕ್ಕಿಂತ ಕಡಿಮೆಯಿದ್ದು, ಅದೂ ಇಳಿಮುಖವಾಗಿದೆ ಎಂಬ ಅಂದಾಜು ಇದಕ್ಕೆ ಆಧಾರ. ಇರುವವೂ ಒಂದೆಡೆ ಇಲ್ಲ. ಅಲ್ಲೊಂದು ಇಲ್ಲೊಂದು ಕಾಡಿನ ತುಂಡುಗಳಲ್ಲಿ ಹಂಚಿಹೋಗಿವೆ. ಒಂದು ತುಂಡಿನಲ್ಲಿ ಅಳಿದರೆ ಇನ್ನೊಂದರಿಂದ ಹೊಲ, ರಸ್ತೆ, ಊರು ದಾಟಿ ಬಂದು ಸೇರುವುದು ಕಷ್ಟ. ಕಾಡು ಕಡಿದು ಸಾಗುವಳಿ ಮಾಡಿದ್ದೇ ಈ ಪ್ರಾಣಿಗೆ ದೇಶದಾದ್ಯಂತ ಬಂದಿರುವ ಮುಖ್ಯ ಕುತ್ತು. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನು ಮೊದಲ ಅನುಸೂಚಿಯಲ್ಲಿ, ಹುಲಿ, ಆನೆಗಳ ಸಾಲಿನಲ್ಲಿ ಇಟ್ಟಿದೆ. ಬೇಟೆಯಾಡಿದವರಿಗೆ ಮೂರರಿಂದ ಏಳು ವರ್ಷಗಳವರೆಗೆ ಜೈಲು ಶಿಕ್ಷೆಯಿದೆ.

ಸೈನಿಕ ಹುಳುವಿನ ವಿಷಯದಲ್ಲಿ ಉಳಿಸುವ ಪ್ರಶ್ನೆಯೇ ಹುಟ್ಟುವುದಿಲ್ಲ. ಅದು ಎರಡು ವರ್ಷಗಳಲ್ಲಿ ಒಂದು ಖಂಡದಿಂದ ಇನ್ನೊಂದಕ್ಕೆ ದಾಟುವ ಜೀವಿ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಒಂದು ಕೀಟ ಹೆಚ್ಚಿತೆಂದರೆ ಎಲ್ಲ ಕೀಟಗಳೂ ಕ್ಷೇಮವಾಗಿವೆ ಎಂದಲ್ಲ. ವಿಜ್ಞಾನಿಗಳು ಹೆಸರಿಟ್ಟಿರುವ ಸಸ್ತನಿಗಳು ಆರೂವರೆ ಸಾವಿರದಷ್ಟು. ಅವುಗಳಲ್ಲಿ ಬಹುಪಾಲನ್ನು ಕೆಂಪು ಪಟ್ಟಿಗಾಗಿ ಪರಿಶೀಲಿಸಲಾಗಿದೆ. ಹೆಸರಿಟ್ಟಿರುವ ಕೀಟಗಳು ಹತ್ತು ಲಕ್ಷ ಮೀರುತ್ತವೆ. ಪರಿಶೀಲನೆಯಾಗಿರುವುದು ನೂರಕ್ಕೆ ಒಂದೆರಡರಷ್ಟು ಮಾತ್ರ. ಹುಲ್ಲೆ ಕಡಿಮೆಯಾದರೆ ಲೆಕ್ಕವಿಡುವವರಿದ್ದಾರೆ. ಆ ಪುಟ್ಟ ಕಣಜಗಳು, ಸಗಣಿ ಉರುಳಿಸುವ ಜೀರುಂಡೆಗಳು, ಕಾಡುಜೇನುಗಳು ಒಂದೂರಿನಿಂದ ಮಾಯವಾದರೆ ಲೆಕ್ಕವಿಡುವವರು ಯಾರು?

ಭೇದ ಏಕೆ ಎಂಬುದಕ್ಕೆ ಉತ್ತರ

ಈಗ ಮಕ್ಕಳ ಪ್ರಶ್ನೆಗೆ ಬರಬಹುದು. ಕಾನೂನು ಮತ್ತು ವಿಜ್ಞಾನ ಇಲ್ಲಿ ಅಂದಚೆಂದ ನೋಡಿ ಭೇದ ಮಾಡಿಲ್ಲ. ಕಳೆದುಕೊಂಡದ್ದನ್ನು ಮತ್ತೆ ತುಂಬಿಕೊಳ್ಳುವ ಶಕ್ತಿ ಯಾವುದಕ್ಕೆ ಎಷ್ಟಿದೆ ಎಂಬುದನ್ನು ನೋಡಿವೆ. ನೂರು ಹುಳು ಸತ್ತರೆ ಒಂದು ಪತಂಗ ಒಂದು ರಾತ್ರಿಯಲ್ಲಿ ಇಡುವ ಮೊಟ್ಟೆಯ ಗುಂಪು ಅದನ್ನು ಸರಿದೂಗಿಸುತ್ತದೆ. ನೂರು ಕೊಂಡುಕುರಿ ಸತ್ತರೆ ಒಂದು ಕಾಡೇ ಬರಿದಾದೀತು. ಹುಳುವಿನ ನೆಲೆ ಪ್ರತಿವರ್ಷ ಬಿತ್ತನೆಯೊಂದಿಗೆ ಹೊಸದಾಗಿ ಹುಟ್ಟುತ್ತದೆ. ಹುಲ್ಲೆಯ ನೆಲೆ ಒಮ್ಮೆ ಹೋದರೆ ಮನುಷ್ಯನ ಒಂದು ತಲೆಮಾರಿನಲ್ಲಿ ಹಿಂದಿರುಗುವುದಿಲ್ಲ. ಒಂದು ಪರದೇಶದಿಂದ ಬಂದು ಇಲ್ಲಿಯ ಅನ್ನಕ್ಕೆ ಕೈ ಹಾಕಿದೆ. ಇನ್ನೊಂದು ಇಲ್ಲಿಯದೇ ಆಗಿದ್ದು ಇಲ್ಲೇ ಎಡೆ ಕಳೆದುಕೊಳ್ಳುತ್ತಿದೆ.

ಹುಳುವನ್ನು ಹತೋಟಿಯಲ್ಲಿಡಬೇಕಾದದ್ದು ನಿಜ. ಸಾಲ ಮಾಡಿ ಬೀಜ, ಗೊಬ್ಬರ ತಂದ ಮನೆಯ ಮಗುವಿನ ಶಾಲೆಯ ಖರ್ಚು ಕೂಡ ಆ ಬೆಳೆಯಿಂದಲೇ ಬರಬೇಕು. ಅಂಥ ಮನೆಯವರಿಗೆ ‘ಹುಳುವೂ ಬದುಕಲಿ’ ಎಂದು ಉಪದೇಶ ಮಾಡಿದರೆ ಅದು ಹೊಟ್ಟೆ ತುಂಬಿದವರ ಮಾತಾಗುತ್ತದೆ. ಆದರೆ ಹತೋಟಿಯ ಹೆಸರಿನಲ್ಲಿ ಕಂಡಕಂಡ ವಿಷವನ್ನು ಮತ್ತೆ ಮತ್ತೆ ಸಿಂಪಡಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಬಲಿತ ಹುಳು ಸುಳಿಯ ಆಳದಲ್ಲಿ ತನ್ನದೇ ಹಿಕ್ಕೆಯನ್ನು ಮುಚ್ಚಳ ಮಾಡಿಕೊಂಡು ಕುಳಿತಿರುತ್ತದೆ, ಅದಕ್ಕೆ ಸಿಂಪಡಣೆ ತಾಗುವುದೇ ಇಲ್ಲ. ತಾಗುವುದು ಎಲೆಯ ಮೇಲೆ ಓಡಾಡುವ ಜೇಡ, ಇರುವೆ, ಕಣಜಗಳಿಗೆ ಮತ್ತು ಮೆಕ್ಕೆಜೋಳದ ಪರಾಗಕ್ಕೆ ಬರುವ ಜೇನುಗಳಿಗೆ. ಕಾವಲುಗಾರರು ಸತ್ತ ಹೊಲದಲ್ಲಿ ಮುಂದಿನ ತಿಂಗಳ ಹುಳುವಿಗೆ ಅಡ್ಡಿಯೇ ಇರುವುದಿಲ್ಲ.

ಅದಕ್ಕೆ ತಜ್ಞರು ಹೇಳುವುದು ಆರಂಭದಲ್ಲೇ ಕಣ್ಣಿಡಬೇಕೆಂದು. ಮೊಳಕೆಯೊಡೆದ ಮೊದಲ ವಾರಗಳಲ್ಲಿ ಹೊಲ ಸುತ್ತಿ, ಎಲೆಯ ಮೇಲೆ ಬೂದು ರೋಮ ಹೊದ್ದ ಮೊಟ್ಟೆಯ ಗುಂಪು ಕಂಡರೆ ಕೈಯಿಂದಲೇ ಹೊಸಕಬಹುದು. ಹುಳು ಚಿಕ್ಕದಿರುವಾಗ ಬೇವಿನ ಕಷಾಯ ಕೆಲಸ ಮಾಡುತ್ತದೆ. ಸಾಲುಗಳ ನಡುವೆ ತೊಗರಿಯಂಥ ಬೇರೆ ಬೆಳೆ ಇದ್ದರೆ ಹುಳುವಿಗೆ ಅಡೆತಡೆ, ಅದರ ಶತ್ರುಗಳಿಗೆ ಆಸರೆ. ಹಾವಳಿ ಮಿತಿ ಮೀರಿದಾಗ ಮಾತ್ರ ಕೃಷಿ ಇಲಾಖೆ ಹೇಳಿದ ಔಷಧಿ, ಹೇಳಿದ ಪ್ರಮಾಣದಲ್ಲಿ. ತೌಡು, ಬೆಲ್ಲ ಕಲಸಿದ ವಿಷಪಾಷಾಣ ಬಳಸುವವರು ಅದನ್ನು ಸುಳಿಗೆ ಹಾಕಬೇಕೇ ವಿನಾ ಬದುವಿನ ಮೇಲೆ ಬಿಡಬಾರದು. ಬೆಲ್ಲದ ವಾಸನೆಗೆ ದನಕರುಗಳು ಬಾಯಿ ಹಾಕಿಯಾವು. ಕಾಡಂಚಿನ ಹೊಲಗಳಲ್ಲಂತೂ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಕೊಂಡುಕುರಿಗೆ ಬೇಕಾದದ್ದು ಇನ್ನೂ ಸರಳ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಿರಲಿ, ಹುಲ್ಲು ಉಳಿಯಲಿ. ನೀರಿನ ಗುಂಡಿಗಳು ಬತ್ತದಿರಲಿ. ಉರುಳು ಹಾಕುವವರು, ನಾಯಿ ಬಿಡುವವರು ಇಲ್ಲದಿರಲಿ. ಅದಕ್ಕೆ ಮೇವು ಕೊಡುವುದೂ ಬೇಡ, ಮನೆಗೆ ತಂದು ಸಾಕುವುದೂ ಬೇಡ. ಅದರ ಪಾಡಿಗೆ ಅದನ್ನು ಬಿಟ್ಟರೆ ಸಾಕು.

ಮನೆಪಾಠಕ್ಕೆ ಎರಡು ಪುಟ

ಈ ಮುಂಗಾರಿನಲ್ಲಿ ಶಾಲಾ ಮಕ್ಕಳು ಒಂದು ಕೆಲಸ ಮಾಡಬಹುದು. ಹೊಲವಿರುವ ಮನೆಯವರು ತಂದೆ ತಾಯಿಯ ಜೊತೆ, ಔಷಧಿ ಹೊಡೆಯದ ದಿನ ನೋಡಿ, ಹೊಲದ ಐದು ಕಡೆ ಹತ್ತು ಹತ್ತು ಗಿಡಗಳನ್ನು ಪರೀಕ್ಷಿಸಲಿ. ಎಷ್ಟು ಗಿಡದ ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆಯಿದೆ, ಎಷ್ಟರಲ್ಲಿ ಮೊಟ್ಟೆಯ ಗುಂಪಿದೆ, ಎಷ್ಟರಲ್ಲಿ ಜೇಡ, ಇರುವೆ, ಬೂಷ್ಟು ಹಿಡಿದ ಹುಳು ಇವೆ ಎಂದು ನೋಟುಪುಸ್ತಕದ ಒಂದು ಪುಟದಲ್ಲಿ ಬರೆಯಲಿ. ವಾರಕ್ಕೊಮ್ಮೆ ಹೀಗೆ ಬರೆದರೆ ಔಷಧಿ ಬೇಕೇ ಬೇಡವೇ ಎಂದು ನಿರ್ಧರಿಸಲು ಅಪ್ಪನಿಗೂ ಆ ಪುಟ ನೆರವಾದೀತು.

ಎದುರಿನ ಪುಟದಲ್ಲಿ ಊರಿನ ಹಿರಿಯರನ್ನು, ಕುರಿ ಕಾಯುವವರನ್ನು ಕೇಳಿ ಬರೆಯಬೇಕು. ಅವರು ಚಿಕ್ಕವರಾಗಿದ್ದಾಗ ಊರ ಸುತ್ತ ಯಾವ ಪ್ರಾಣಿಗಳಿದ್ದವು? ಈಗ ಯಾವುವು ಕಾಣುವುದಿಲ್ಲ? ಎಷ್ಟು ವರ್ಷದಿಂದ ಕಾಣುವುದಿಲ್ಲ? ಜಗಳೂರಿನ ಹುಡುಗರು ಹೀಗೆ ಕೇಳಿದರೆ ಕೊಂಡುಕುರಿಯ ಸುದ್ದಿ ಸಿಕ್ಕೀತು. ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಮಕ್ಕಳಿಗೆ ಬೇರೆ ಯಾವುದೋ ಪ್ರಾಣಿಯ ಹೆಸರು ಸಿಕ್ಕೀತು.

‘ಅಪಾಯಕ್ಕೆ ಈಡಾದ ಪ್ರಾಣಿಗೆ ಒಂದು ಉದಾಹರಣೆ ಕೊಡಿ’ ಎಂದು ಪರೀಕ್ಷೆಯಲ್ಲಿ ಕೇಳಿದಾಗ ಮಕ್ಕಳು ಹಿಮಚಿರತೆಯ ಹೆಸರು ಬರೆಯುತ್ತಾರೆ. ಅದು ತಪ್ಪಲ್ಲ, ಅಂಕವೂ ಸಿಗುತ್ತದೆ. ಆದರೆ ಹಿಮವನ್ನೇ ಕಾಣದ ದಾವಣಗೆರೆ ಜಿಲ್ಲೆಯ ಮಕ್ಕಳು ಅಲ್ಲಿ ಕೊಂಡುಕುರಿ ಎಂದು ಬರೆದರೆ, ಉತ್ತರ ಪತ್ರಿಕೆ ತಿದ್ದುವವರೂ ಒಂದು ಕ್ಷಣ ನಿಂತು ಓದಿಯಾರು.